ಅಂಗಡಿಯ ಕಂಪ್ಯೂಟರಿನ ಆರೈಕೆ

ಹಿಂದೆ ವ್ಯಾಪಾರಸ್ಥರ ಮನೆಗಳಲ್ಲಿ ಕಿರ್ದಿ, ಖತಾವಣಿ ಪುಸ್ತಕಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಿಜೋರಿಯ ಪಕ್ಕದಲ್ಲಿಯೇ ಇಡುತ್ತಿದ್ದರು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹಣದ ಪೆಟ್ಟಿಗೆಯ ಜೊತೆಗೆ ಆ ಪುಸ್ತಕಗಳಿಗೂ ಅರಿಶಿನ ಕುಂಕುಮ ಸಲ್ಲುತ್ತಿತ್ತು. ಅನೇಕ ಕಡೆ ಈಗಲೂ ಸಲ್ಲುತ್ತದೆ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ಬರೆದಿರುತ್ತಿದ್ದುದು ಆ ಹಾಳೆಗಳಲ್ಲಿ ಮಾತ್ರ.

ಇಂದು ಅದೇ ಲೆಕ್ಕ ಕಂಪ್ಯೂಟರಿನೊಳಗೆ ಸೇರಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಜಾರಿಗೆ ಬಂದ ಮೇಲಂತೂ ತಾಲ್ಲೂಕು ಕೇಂದ್ರದ ರಸಗೊಬ್ಬರದ ಅಂಗಡಿ, ಔಷಧಿ ಅಂಗಡಿಗಳಲ್ಲಿಯೂ ಬಿಲ್ಲು, ದಾಸ್ತಾನು, ಉದ್ರಿ ಎಲ್ಲವೂ ಈ ಯಂತ್ರದ ವಶಕ್ಕೆ ಹೋಗಿವೆ. ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಿಡಬೇಕೆಂದು ಆ ಕಾನೂನೇ ಹೇಳುತ್ತದೆ. ಅಂದರೆ ಆರು ವರ್ಷ. ಆದರೆ ಇಷ್ಟು ಬೆಲೆಯುಳ್ಳ ಲೆಕ್ಕವನ್ನು ಹೊತ್ತ ಯಂತ್ರವನ್ನು ಎಲ್ಲಿಟ್ಟಿರುತ್ತಾರೆ? ಗಲ್ಲಾಪೆಟ್ಟಿಗೆಯ ಕೆಳಗೆ, ಕಾಲ ಬುಡದಲ್ಲಿ, ಗೋಣಿಚೀಲಗಳ ನಡುವೆ, ಬೆಳಿಗ್ಗೆ ಹಚ್ಚಿದ ಊದುಬತ್ತಿಯ ಹೊಗೆಯಲ್ಲಿ.

ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರುಗಳ ನಿರ್ವಹಣೆಗೆಂದೇ ಒಂದು ವಿಭಾಗವಿರುತ್ತದೆ. ಸಣ್ಣ ಅಂಗಡಿಯಲ್ಲಿ ಆ ವಿಭಾಗ ಯಾರು? ಬಹುಪಾಲು ನೀವೇ. "ಸ್ವಲ್ಪ ನೋಡೋ ಮಗಾ, ಕಂಪ್ಯೂಟರ್ ಯಾಕೋ ಹ್ಯಾಂಗ್ ಆಗ್ತಾ ಇದೆ" ಎಂದು ಅಪ್ಪನೋ ಸೋದರಮಾವನೋ ಕರೆಯುವುದು ಪಿ.ಯು.ಸಿ. ಅಥವಾ ಬಿ.ಕಾಂ. ಓದುವ ಮನೆಯ ಮಕ್ಕಳನ್ನು. ಆದ್ದರಿಂದ ನಮ್ಮ ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಲಾಗದ ಕೆಲವು ವಿವರಗಳನ್ನು ಇಲ್ಲಿ ನಿಮಗಾಗಿಯೇ ಕೊಟ್ಟಿದೆ. ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳೋಣ. ಯಂತ್ರವನ್ನು ಕಾಪಾಡುವುದು ಬೇರೆ, ಯಂತ್ರದೊಳಗಿನ ಲೆಕ್ಕವನ್ನು ಕಾಪಾಡುವುದು ಬೇರೆ. ಯಂತ್ರ ಹೋದರೆ ಇನ್ನೊಂದನ್ನು ಕೊಳ್ಳಬಹುದು. ಲೆಕ್ಕ ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಲ್ಲ.

ವಿದ್ಯುತ್ತು ಮತ್ತು ಶಾಖ

ನಮ್ಮ ಮನೆ, ಅಂಗಡಿಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತು. ಕಂಪ್ಯೂಟರಿನ ಒಳಭಾಗಗಳಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತು. ಈ ಬದಲಾವಣೆಯನ್ನು ಮಾಡಿಕೊಡುವುದು ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆ. ವೋಲ್ಟೇಜು ನಿಧಾನವಾಗಿ ಏರಿಳಿದರೆ ಅದು ಸಾಕಷ್ಟು ಮಟ್ಟಿಗೆ ತಡೆದುಕೊಳ್ಳುತ್ತದೆ. ತಡೆದುಕೊಳ್ಳಲಾಗದ್ದು ಎರಡು: ಬರೆಯುತ್ತಿರುವಾಗಲೇ ವಿದ್ಯುತ್ತು ಕೈಕೊಡುವುದು ಮತ್ತು ಕ್ಷಣಾರ್ಧದಲ್ಲಿ ವೋಲ್ಟೇಜು ಚಿಮ್ಮುವುದು.

ಮೊದಲನೆಯದನ್ನು ಹೀಗೆ ಊಹಿಸಿಕೊಳ್ಳಿ. ಗುಮಾಸ್ತರೊಬ್ಬರು ಕಿರ್ದಿಯಲ್ಲಿ ಒಂದು ಬಾಬನ್ನು ಬರೆದು, ಅದನ್ನು ಖತಾವಣಿಗೆ ಏರಿಸುವಷ್ಟರಲ್ಲಿ ಎದ್ದು ಹೋದರೆ ಎರಡು ಪುಸ್ತಕಗಳಿಗೂ ತಾಳೆಯಾಗುವುದಿಲ್ಲ. ಡಿಸ್ಕಿನಲ್ಲಿ ಆಗುವುದೂ ಇದೇ. ಕಡತದ ಒಂದು ಭಾಗ ಹೊಸದು, ಇನ್ನೊಂದು ಭಾಗ ಹಳೆಯದು. ಮರುದಿನ ಲೆಕ್ಕದ ತಂತ್ರಾಂಶ ತೆರೆಯುವುದೇ ಇಲ್ಲ. ಇದಕ್ಕಾಗಿ ಯು.ಪಿ.ಎಸ್. ಬೇಕು. ಆದರೆ ಅನೇಕರು ಅದನ್ನು ಮನೆಯ ಇನ್ವರ್ಟರಿನಂತೆ ಭಾವಿಸಿ, ಕರೆಂಟ್ ಹೋದ ಮೇಲೂ ಬಿಲ್ಲು ಹಾಕುತ್ತ ಕೂರುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸಾಮಾನ್ಯ ಯು.ಪಿ.ಎಸ್.ನಲ್ಲಿ ಇರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಒಂದು ಬ್ಯಾಟರಿ. ಎರಡನ್ನೂ ಗುಣಿಸಿದರೆ 84 ವ್ಯಾಟ್-ಗಂಟೆ. ಕಂಪ್ಯೂಟರು, ಪರದೆ ಸೇರಿ 120 ವ್ಯಾಟ್ ಎಳೆಯುತ್ತವೆ ಎಂದುಕೊಂಡರೆ ಪುಸ್ತಕದ ಪ್ರಕಾರ 42 ನಿಮಿಷ ಬರಬೇಕು. ವಾಸ್ತವದಲ್ಲಿ ಅದರ ಅರ್ಧವೂ ಬರುವುದಿಲ್ಲ. ಬ್ಯಾಟರಿಯ ಮೇಲೆ ಬರೆದಿರುವ 7 ಎಂಬ ಅಂಕಿ, 20 ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಅಳತೆ. ಅವಸರದಿಂದ ಎಳೆದರೆ ಸೀಸ-ಆಮ್ಲ ಬ್ಯಾಟರಿ ಅಷ್ಟು ಕೊಡುವುದಿಲ್ಲ. ನೇರ ವಿದ್ಯುತ್ತನ್ನು ಪರ್ಯಾಯ ಮಾಡುವಾಗಲೂ ಸ್ವಲ್ಪ ನಷ್ಟವಾಗುತ್ತದೆ. ಯು.ಪಿ.ಎಸ್. ಕೊಡುವ ಕೆಲವು ನಿಮಿಷಗಳಿರುವುದು ಕೆಲಸವನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ. ಲೇಸರ್ ಪ್ರಿಂಟರನ್ನಂತೂ ಅದಕ್ಕೆ ಜೋಡಿಸಲೇಬಾರದು. ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಅದರ ಉರುಳೆ ಬಿಸಿಯಾಗುವಾಗ ನೂರಾರು ವ್ಯಾಟ್‌ಗಳನ್ನು ಒಮ್ಮೆಲೇ ಎಳೆಯುತ್ತದೆ.

ಯು.ಪಿ.ಎಸ್. ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ. ಅದು ಸತ್ತಿರುವುದು ಗೊತ್ತಾಗುವುದು ಕರೆಂಟ್ ಹೋದಾಗಲೇ ಎಂಬುದು ವಿಪರ್ಯಾಸ. ತಿಂಗಳಿಗೊಮ್ಮೆ ಎಲ್ಲ ಕಡತಗಳನ್ನು ಮುಚ್ಚಿ, ಗೋಡೆಯ ಸ್ವಿಚ್ಚನ್ನು ಆರಿಸಿ, ಗಡಿಯಾರ ನೋಡಿ. ಐದು ನಿಮಿಷವೂ ನಿಲ್ಲದಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ.

ಮೂರು ಮುಳ್ಳಿನ ಪ್ಲಗ್ಗಿನಲ್ಲಿ ಮೇಲಿನ ಮುಳ್ಳು ಏಕೆ ಉದ್ದ ಮತ್ತು ದಪ್ಪ ಎಂದು ಭೌತಶಾಸ್ತ್ರದ ತರಗತಿಯಲ್ಲಿ ಕೇಳಿರುತ್ತೀರಿ. ಭೂಸಂಪರ್ಕ ಎಲ್ಲಕ್ಕಿಂತ ಮೊದಲು ಸೇರಬೇಕು, ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದ ಇದೇ ಉತ್ತರವನ್ನು ಅಂಗಡಿಯಲ್ಲಿ ಮರೆತು, ಎರಡು ಮುಳ್ಳಿನ ಅಡಾಪ್ಟರ್ ಹಾಕಿ ಬಿಡುತ್ತೇವೆ. ಕಂಪ್ಯೂಟರಿನ ಕಬ್ಬಿಣದ ಕವಚ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆಯೇ? ಎಸ್.ಎಂ.ಪಿ.ಎಸ್.ನೊಳಗಿನ ಕೆಪಾಸಿಟರುಗಳ ಮೂಲಕ ಸೋರುವ ಅಲ್ಪ ವಿದ್ಯುತ್ತು ನೆಲಕ್ಕೆ ಹೋಗಲು ದಾರಿ ಕಾಣದೆ ಕವಚದಲ್ಲಿ ನಿಂತಿದೆ ಎಂದು ಅರ್ಥ. ಅದು ಯಂತ್ರದ ದೋಷವಲ್ಲ, ಅರ್ಥಿಂಗ್ ಇಲ್ಲದ ದೋಷ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸರಿಪಡಿಸಿಕೊಳ್ಳಿ; ಈ ಕೆಲಸವನ್ನು ನೀವಾಗಿ ಮಾಡಬೇಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ವಿಷಯಕ್ಕೆ ಬಂದರೆ, ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಮೋಡದಿಂದ ನೆಲದವರೆಗೆ ಗಾಳಿಯನ್ನು ಸೀಳಿಕೊಂಡು ಬಂದ ಮಿಂಚಿಗೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಅಂತರ ಯಾವ ಲೆಕ್ಕ? ತಾಮ್ರದ ಟೆಲಿಫೋನ್ ತಂತಿ, ಹೊರಗಿನಿಂದ ಹಾದು ಬಂದ ನೆಟ್‌ವರ್ಕ್ ತಂತಿಗಳನ್ನೂ ಬಿಡಿಸಬೇಕು. ಫೈಬರ್ ಸಂಪರ್ಕವಿದ್ದರೆ ಆ ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಆದರೆ ಅದರ ತುದಿಯ ಪೆಟ್ಟಿಗೆ ಗೋಡೆಯ ಪ್ಲಗ್ಗಿಗೇ ಜೋತುಬಿದ್ದಿರುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನು ಧೂಳು. ಸಂಸ್ಕಾರಕದ ಮೇಲೆ ಲೋಹದ ತೆಳುವಾದ ಹಲ್ಲುಗಳ ಸಾಲು, ಅದರ ಮೇಲೊಂದು ಫ್ಯಾನು ಇರುತ್ತದೆ. ಹಲ್ಲುಗಳ ನಡುವೆ ಗಾಳಿ ಹರಿದರೆ ಶಾಖ ಹೊರಹೋಗುತ್ತದೆ. ಧೂಳು ಕೂತರೆ ಬೇಸಿಗೆಯಲ್ಲಿ ಕಂಬಳಿ ಹೊದ್ದಂತಾಗುತ್ತದೆ. ಸುಮಾರು 90ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಂದಿನ ಸಂಸ್ಕಾರಕಗಳು ತಮ್ಮನ್ನು ಉಳಿಸಿಕೊಳ್ಳಲು ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಆಗ ಅಂಗಡಿಯಲ್ಲಿ ಕೇಳಿಬರುವ ಮಾತು "ವೈರಸ್ ಬಂದಿದೆ" ಎಂಬುದು. ಹಿಟ್ಟಿನ ಗಿರಣಿ, ಮೆಣಸಿನಪುಡಿ ಕುಟ್ಟುವ ಯಂತ್ರ, ಸಿಮೆಂಟ್ ಅಂಗಡಿ ಇಂಥ ಕಡೆ ತಿಂಗಳಿಗೊಮ್ಮೆ, ಉಳಿದೆಡೆ ಆರು ತಿಂಗಳಿಗೊಮ್ಮೆ ಕವಚ ಬಿಚ್ಚಿ ಧೂಳು ತೆಗೆಯಬೇಕು. ಪ್ಲಗ್ ಕಿತ್ತು, ಯಂತ್ರವನ್ನು ಹೊರಗೆ ಒಯ್ದು, ಮೃದುವಾದ ಕುಂಚ ಮತ್ತು ಬ್ಲೋಯರ್ ಬಳಸಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಹಾಗೆ ಬಿಟ್ಟರೆ ಅದು ಅಳತೆ ಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಸಾಲದ್ದಕ್ಕೆ, ಹೊರಗಿನಿಂದ ತಿರುಗಿಸಿದ ಮೋಟಾರು ಡೈನಮೋ ಆಗುತ್ತದೆಂದು ಫ್ಯಾರಡೆಯ ಪಾಠದಲ್ಲಿ ಓದಿದ್ದೀರಲ್ಲವೇ?

"ನೆಟ್ ಇಲ್ಲ" ಎಂದರೆ ಎಲ್ಲಿ ಇಲ್ಲ?

ಹೊಟ್ಟೆನೋವು ಎಂದ ರೋಗಿಗೆ ವೈದ್ಯರು ಮಾತ್ರೆ ಬರೆಯುವ ಮೊದಲು "ಎಲ್ಲಿ ನೋವು, ಒತ್ತಿ ತೋರಿಸಿ" ಎನ್ನುತ್ತಾರೆ. ನೆಟ್‌ವರ್ಕಿನಲ್ಲಿಯೂ ಹಾಗೆಯೇ ಒತ್ತಿ ನೋಡುವ ಒಂದು ಸರಳ ಸಾಧನವಿದೆ. ಅದರ ಹೆಸರು ಪಿಂಗ್. 1983ರ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಎಂಬ ಅಮೆರಿಕದ ತಂತ್ರಜ್ಞರು, ತಮ್ಮ ಪ್ರಯೋಗಾಲಯದ ಜಾಲದಲ್ಲಿ ಕಂಡ ತೊಂದರೆಯೊಂದನ್ನು ಹುಡುಕಲು ಇದನ್ನು ಬರೆದರು. ಜಲಾಂತರ್ಗಾಮಿಗಳ ಸೋನಾರ್ ಶಬ್ದವನ್ನು ಕಳಿಸಿ ಅದರ ಪ್ರತಿಧ್ವನಿಗೆ ಕಾಯುತ್ತದಷ್ಟೆ. ಇದೂ ಒಂದು ಪುಟ್ಟ ಸಂದೇಶ ಕಳಿಸಿ, ಅದು ಮರಳಿ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ಹೇಳುತ್ತದೆ. ಇಂದಿಗೂ ಪ್ರತಿಯೊಂದು ಕಂಪ್ಯೂಟರಿನಲ್ಲಿ ಇದು ಬಿಟ್ಟಿಯಾಗಿ ಸಿಗುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು ಪಿಂಗ್ ಎಂದು ಬೆರಳಚ್ಚಿಸಿ, ಮುಂದೆ ವಿಳಾಸ ಕೊಟ್ಟರಾಯಿತು.

ಹತ್ತಿರದಿಂದ ದೂರಕ್ಕೆ ಹೋಗುವುದು ಇಲ್ಲಿನ ಕ್ರಮ. ಮೊದಲು ನಿಮ್ಮ ಅಂಗಡಿಯ ರೂಟರನ್ನು ಕರೆಯಿರಿ. ಅದರ ವಿಳಾಸ ಬಹುತೇಕ 192.168.1.1 ಅಥವಾ 192.168.0.1 ಆಗಿರುತ್ತದೆ, ಪೆಟ್ಟಿಗೆಯ ತಳದಲ್ಲಿ ಅಂಟಿಸಿರುತ್ತಾರೆ. ಉತ್ತರ ಬಾರದಿದ್ದರೆ ತೊಂದರೆ ಇರುವುದು ನಿಮ್ಮ ಕಂಪ್ಯೂಟರಿಗೂ ರೂಟರಿಗೂ ನಡುವಿನ ಕೆಲವು ಅಡಿಗಳಲ್ಲಿ. ತಂತಿ ಕಳಚಿರಬಹುದು, ವೈ-ಫೈ ಬಿಟ್ಟುಹೋಗಿರಬಹುದು, ರೂಟರಿಗೇ ಕರೆಂಟ್ ಇಲ್ಲದಿರಬಹುದು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಜಗಳವಾಡಿ ಪ್ರಯೋಜನವಿಲ್ಲ. ರೂಟರು ಓಗೊಟ್ಟರೆ ಹೊರಗಿನ ಒಂದು ವಿಳಾಸವನ್ನು ಕರೆಯಿರಿ, 8.8.8.8 ಎಂಬುದು ನೆನಪಿಡಲು ಸುಲಭ, ಅದು ಗೂಗಲ್‌ನದು. ಇಲ್ಲಿಂದ ಉತ್ತರವಿಲ್ಲದಿದ್ದರೆ ತೊಂದರೆ ಹೊರಗಿನ ಮಾರ್ಗದಲ್ಲಿದೆ, ಈಗ ಫೋನ್ ಮಾಡಬಹುದು. ಅಂಕಿಯ ವಿಳಾಸ ಓಗೊಟ್ಟು, ಹೆಸರಿನ ವಿಳಾಸ ಮಾತ್ರ ತೆರೆಯದಿದ್ದರೆ? ರಸ್ತೆ ಚೆನ್ನಾಗಿದೆ, ಆದರೆ ಮನೆ ಯಾವುದೆಂದು ಹೇಳುವವರಿಲ್ಲ. ಹೆಸರುಗಳನ್ನು ಅಂಕಿಗಳಿಗೆ ಬದಲಿಸಿಕೊಡುವ ಡಿ.ಎನ್.ಎಸ್. ಎಂಬ ವ್ಯವಸ್ಥೆಯಲ್ಲಿ ಅಡಚಣೆಯಿದೆ ಎಂದು ಅರ್ಥ. ಮೂರು ನಿಮಿಷದ ಈ ಪರೀಕ್ಷೆ ಮಾಡಿಕೊಂಡು ಮಾತನಾಡಿದರೆ ಆ ಕಡೆಯ ಸಿಬ್ಬಂದಿಯ ದನಿಯೂ ಬದಲಾಗುತ್ತದೆ. ನೀವೇ ಕೇಳಿ ನೋಡಿ.

ಅಂಗಡಿಗಳಲ್ಲಿ ಪದೇ ಪದೇ ಕಾಣುವ ಇನ್ನೊಂದು ತೊಂದರೆ ಪ್ರಿಂಟರಿನದು. ನಿನ್ನೆಯವರೆಗೆ ಎಲ್ಲ ಕಂಪ್ಯೂಟರುಗಳಿಂದ ಮುದ್ರಿಸುತ್ತಿದ್ದ ಯಂತ್ರ ಇಂದು "ಆಫ್‌ಲೈನ್" ಎನ್ನುತ್ತದೆ. ಪ್ರಿಂಟರು ಕೆಟ್ಟಿರುವುದಿಲ್ಲ. ರೂಟರು ಹಾಸ್ಟೆಲಿನ ವಾರ್ಡನ್ ಇದ್ದಂತೆ. ಬಂದವರಿಗೆ ಬಂದ ಹಾಗೆ ಖಾಲಿ ಕೋಣೆ ಕೊಡುತ್ತದೆ. ರಾತ್ರಿ ಕರೆಂಟ್ ಹೋಗಿ ಬಂದಾಗ ನಿನ್ನೆ 5ನೇ ಕೋಣೆಯಲ್ಲಿದ್ದ ಪ್ರಿಂಟರಿಗೆ 8ನೇ ಕೋಣೆ ಸಿಕ್ಕಿರಬಹುದು. ಕಂಪ್ಯೂಟರುಗಳು ಪಾಪ, 5ರ ಬಾಗಿಲನ್ನೇ ತಟ್ಟುತ್ತಿರುತ್ತವೆ. ರೂಟರಿನ ವ್ಯವಸ್ಥೆಯಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಈ ಪರದಾಟ ತಪ್ಪುತ್ತದೆ. ಪ್ರಿಂಟರನ್ನೇ ಬದಲಿಸಲು ಹೊರಟವರಿಗೆ ಇದನ್ನು ಹೇಳಿ, ಹಣ ಉಳಿಯುತ್ತದೆ.

ನೆಟ್‌ವರ್ಕ್ ತಂತಿಯೊಳಗೆ ಎಂಟು ಎಳೆಗಳಿವೆ, ನಾಲ್ಕು ಜೊತೆಗಳಾಗಿ ಹೊಸೆದಿರುತ್ತಾರೆ. ಹೊಸೆಯುವುದೇಕೆ? ಹೊರಗಿನ ವಿದ್ಯುತ್ ಕ್ಷೋಭೆ ಎರಡೂ ಎಳೆಗಳಿಗೆ ಸಮನಾಗಿ ತಟ್ಟುತ್ತದೆ. ತುದಿಯ ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ಅಳೆಯುವುದರಿಂದ ಆ ಕ್ಷೋಭೆ ಕಳೆದುಹೋಗುತ್ತದೆ. ಈ ಉಪಾಯಕ್ಕೆ 1881ರಲ್ಲಿಯೇ ಪೇಟೆಂಟ್ ಪಡೆದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಸೆಕೆಂಡಿಗೆ 1000 ಮೆಗಾಬಿಟ್ ವೇಗಕ್ಕೆ ನಾಲ್ಕು ಜೊತೆಗಳೂ ಬೇಕು, 100ಕ್ಕೆ ಎರಡು ಸಾಕು. ಆದ್ದರಿಂದ ಇಲಿ ಒಂದು ಎಳೆಯನ್ನಷ್ಟೇ ಕಡಿದಿದ್ದರೆ ಸಂಪರ್ಕ ಸಾಯದೆ, ಕುಂಟುತ್ತ ನಡೆಯಬಹುದು. ಕಾರಣವಿಲ್ಲದೆ ವೇಗ ಹತ್ತನೆಯ ಒಂದು ಪಾಲಿಗೆ ಇಳಿದಿದ್ದರೆ ತಂತಿಯನ್ನು ಬದಲಿಸಿ ನೋಡಿ. ಒಂದೇ ಉದ್ದದ ತಂತಿ 100 ಮೀಟರ್ ಮೀರಬಾರದು, ಕರೆಂಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಎಳೆಯಬಾರದು. ವೈ-ಫೈ ಬಗ್ಗೆ ಹೇಳುವುದು ಕಡಿಮೆ: ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಬಚ್ಚಿಡಬೇಡಿ. ಬೇಕರಿಯಲ್ಲಿ ಮೈಕ್ರೊವೇವ್ ಒಲೆಯಿದ್ದರೆ ಅದರಿಂದ ದೂರವಿಡಿ, ಎರಡೂ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿಯೇ ಕೆಲಸ ಮಾಡುತ್ತವೆ.

ಬಾಗಿಲಿಗೆ ಬೀಗ

ಕಳ್ಳರಿಗೆಂದು ಅಂಗಡಿಯಲ್ಲಿ ಸಿ.ಸಿ. ಕ್ಯಾಮೆರಾ ಹಾಕಿಸುತ್ತೇವೆ. ಆ ಕ್ಯಾಮೆರಾ ಕೂಡ ಒಂದು ಕಂಪ್ಯೂಟರೇ ಎಂಬುದು ಹೊಳೆಯುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಿಂದ ಬಂದಾಗ ಇದ್ದ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರುಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅದರ ಬಳಿ ಇದ್ದ ಅಸ್ತ್ರವೆಂದರೆ ಅರವತ್ತರಷ್ಟು ಸಾಮಾನ್ಯ ಹೆಸರು ಮತ್ತು ಗುಪ್ತಪದಗಳ ಪಟ್ಟಿ, ಅಷ್ಟೇ. ಆ ವರ್ಷದ ಅಕ್ಟೋಬರ್ 21ರಂದು ಅಂಥ ಯಂತ್ರಗಳ ಸೈನ್ಯವನ್ನು ಛೂ ಬಿಟ್ಟು ಅಮೆರಿಕದ ಪ್ರಸಿದ್ಧ ಜಾಲತಾಣಗಳನ್ನು ಗಂಟೆಗಟ್ಟಲೆ ನಿಲ್ಲಿಸಲಾಯಿತು. ಮಿರಾಯ್ ಬರೆದು ಸಿಕ್ಕಿಬಿದ್ದವರು ಹೆಚ್ಚುಕಡಿಮೆ ನಿಮ್ಮ ವಯಸ್ಸಿನ ಯುವಕರು ಎಂಬುದನ್ನೂ ಹೇಳಬೇಕು. ಆದ್ದರಿಂದ ರೂಟರು, ಕ್ಯಾಮೆರಾಗಳನ್ನು ಜೋಡಿಸಿದ ದಿನವೇ ಅವುಗಳ ಗುಪ್ತಪದವನ್ನು ಬದಲಿಸಿ.

ಮರುವರ್ಷದ ಕಥೆ ಇನ್ನೂ ಬೋಧಪ್ರದ. 2017ರ ಮೇ 12ರಂದು ವಾನ್ನಾಕ್ರೈ ಎಂಬ ಒತ್ತೆ ತಂತ್ರಾಂಶ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹರಡಿತು. ಕಡತಗಳಿಗೆಲ್ಲ ಬೀಗ ಹಾಕಿ, ಬೀಗದ ಕೈಗೆ ಹಣ ಕೇಳುವುದು ಇದರ ಕೆಲಸ. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಎರಡು ತಿಂಗಳ ಮೊದಲೇ, ಬಿಡುಗಡೆ ಮಾಡಿತ್ತು. ಪರದೆಯ ಮೂಲೆಯಲ್ಲಿ "ಅಪ್‌ಡೇಟ್" ಎಂದು ಬಂದಾಗ "ಆಮೇಲೆ" ಎಂದು ಒತ್ತುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಬಿಲ್ಲಿಂಗಿನ ನಡುವೆ ಅದು ಕಾಡುತ್ತದೆ, ನಿಜ. ಅಂಗಡಿಯ ವಾರದ ರಜೆಯ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಅಂಗಡಿಯವರಿಗೆ ತಿಳಿಸಿ. ಪುಕ್ಕಟೆ ಸಿಗುವ ಕಳ್ಳಪ್ರತಿಯ ತಂತ್ರಾಂಶಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾದದ್ದು: ಅವುಗಳನ್ನು ನಡೆಸಲೆಂದು ವೈರಸ್ ನಿರೋಧಕವನ್ನು ಆರಿಸಿ ಎಂದು ಹೇಳುವವರನ್ನು ನಂಬಿ ವ್ಯಾಪಾರ ಮಾಡುವುದು, ಕಾವಲುಗಾರನನ್ನು ಮನೆಗೆ ಕಳಿಸಿ ಅಂಗಡಿಯ ಬಾಗಿಲು ತೆರೆದಿಟ್ಟಂತೆ.

ಎರಡನೆಯ ಪ್ರತಿ, ಮೂರನೆಯ ಪ್ರತಿ

ಇಷ್ಟೆಲ್ಲ ಮಾಡಿದ ಮೇಲೂ ಡಿಸ್ಕು ಒಂದು ದಿನ ಕೆಡುತ್ತದೆ. ಪ್ರಶ್ನೆ ಆ ದಿನ ಯಾವುದು ಎಂಬುದಷ್ಟೇ. ಮಾಮೂಲಿ ಹಾರ್ಡ್‌ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 7200 ಸಲ, ಅಂದರೆ ಸೆಕೆಂಡಿಗೆ 120 ಸಲ ತಿರುಗುತ್ತವೆ. ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಕೂದಲೆಳೆಯ ದಪ್ಪ ಅದರ ಸಾವಿರಾರು ಪಟ್ಟು. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವಿಲ್ಲ, ವೇಗವೂ ಹೆಚ್ಚು. ಹಳೆಯ ಕಂಪ್ಯೂಟರಿಗೆ ಮರುಜೀವ ಕೊಡಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಅದು ಕೆಡುವಾಗ ಮುನ್ಸೂಚನೆಯನ್ನೂ ಕೊಡದೆ ಕೆಡಬಹುದು.

ಈಗ ಒಂದು ಸಿನಿಮಾದ ವಿಷಯ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಕೆಲಸ ನಡೆಯುತ್ತಿತ್ತು. ಯಾರೋ ಕೊಟ್ಟ ಒಂದು ಅಳಿಸುವ ಆದೇಶ ತಪ್ಪು ಜಾಗದಲ್ಲಿ ಓಡಿ, ಕಣ್ಣೆದುರಿಗೇ ಪಾತ್ರಗಳು, ದೃಶ್ಯಗಳು ಒಂದೊಂದಾಗಿ ಮಾಯವಾಗತೊಡಗಿದವು. ಯಂತ್ರವನ್ನು ನಿಲ್ಲಿಸುವಷ್ಟರಲ್ಲಿ ಚಿತ್ರದ ಬಹುಭಾಗ ಹೋಗಿತ್ತು. ಪ್ರತಿ ಇದೆಯಲ್ಲ ಎಂದು ನೋಡಿದರೆ, ಪ್ರತಿ ತೆಗೆಯುವ ವ್ಯವಸ್ಥೆ ಕೆಲವು ವಾರಗಳಿಂದ ಸರಿಯಾಗಿ ಕೆಲಸ ಮಾಡುತ್ತಲೇ ಇರಲಿಲ್ಲ. ಕೊನೆಗೆ ಕೈಹಿಡಿದದ್ದು ಗ್ಯಾಲಿನ್ ಸುಸ್‌ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಕಂಪ್ಯೂಟರು. ಹಸುಗೂಸನ್ನು ನೋಡಿಕೊಳ್ಳುತ್ತ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಆಕೆಯ ಬಳಿ ಚಿತ್ರದ ಒಂದು ಪ್ರತಿ ಇತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ಸ್ಟುಡಿಯೋಗೆ ತಂದರು. ಚಿತ್ರ 1999ರ ನವೆಂಬರಿನಲ್ಲಿ ತೆರೆಕಂಡಿತು.

ಈ ಘಟನೆಯಲ್ಲಿ ಆಕಸ್ಮಿಕವಾಗಿ ನಡೆದುದನ್ನೇ ನಿಯಮವಾಗಿ ಮಾಡಿಕೊಳ್ಳಬೇಕು. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಇದನ್ನು 3-2-1 ಎಂದು ಸೂತ್ರವಾಗಿ ಹೇಳಿ ಜನಪ್ರಿಯಗೊಳಿಸಿದರು. ಒಟ್ಟು ಮೂರು ಪ್ರತಿಗಳು, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅವುಗಳಲ್ಲೊಂದು ಬೇರೆ ಕಟ್ಟಡದಲ್ಲಿ. ಅಂಗಡಿಗೆ ಅನ್ವಯಿಸಿದರೆ, ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನಿಂದ ಜೋಡಿಸುವ ಡಿಸ್ಕಿನಲ್ಲಿ, ಮತ್ತೊಂದು ಮನೆಯ ಬೀರುವಿನಲ್ಲಿ ಅಥವಾ ಇಂಟರ್ನೆಟ್ಟಿನ ಕ್ಲೌಡ್ ಸಂಗ್ರಹದಲ್ಲಿ. ಪೆನ್‌ಡ್ರೈವ್ ಸಾಗಿಸುವುದಕ್ಕೆ ಚೆನ್ನ, ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕಲ್ಲ.

ಇಲ್ಲಿ ಸೂಕ್ಷ್ಮಗಳು ಕೆಲವಿವೆ. ಪ್ರತಿ ತೆಗೆದ ಡಿಸ್ಕನ್ನು ಸದಾ ಜೋಡಿಸಿಯೇ ಬಿಟ್ಟರೆ, ಒತ್ತೆ ತಂತ್ರಾಂಶ ಬಂದಾಗ ಅದಕ್ಕೂ ಬೀಗ ಬೀಳುತ್ತದೆ. ಸಿಡಿಲು ಬಡಿದರೆ ಅದೂ ಜೊತೆಯಲ್ಲೇ ಹೋಗುತ್ತದೆ. ಕೆಲಸ ಮುಗಿದೊಡನೆ ಬಿಡಿಸಿಡಿ. ಎರಡು ಕಡೆಯ ಕಡತಗಳನ್ನು ತಾನಾಗಿ ಸರಿದೂಗಿಸುವ ಸೌಲಭ್ಯವನ್ನೇ ಪ್ರತಿ ಎಂದು ಭಾವಿಸುವವರಿದ್ದಾರೆ. ನೀವು ಇಲ್ಲಿ ಅಳಿಸಿದರೆ ಅದು ನಿಷ್ಠೆಯಿಂದ ಅಲ್ಲಿಯೂ ಅಳಿಸುತ್ತದೆ. ದಿನವೂ ಒಂದೇ ಪ್ರತಿಯ ಮೇಲೆ ಹೊಸದನ್ನು ಬರೆಯುತ್ತ ಹೋದರೂ ಅಪಾಯವೇ: ಒಬ್ಬ ಗಿರಾಕಿಯ ಖಾತೆ ಹತ್ತು ದಿನಗಳ ಹಿಂದೆ ಅಳಿದುಹೋದದ್ದು ಇಂದು ಗೊತ್ತಾದರೆ, ನಿಮ್ಮ ಪ್ರತಿಯಲ್ಲಿಯೂ ಅದಿಲ್ಲ. ಹಾಗಾಗಿ ವಾರಾಂತ್ಯದ ಪ್ರತಿ, ತಿಂಗಳ ಕೊನೆಯ ಪ್ರತಿ, ಮಾರ್ಚ್ 31ರ ಪ್ರತಿಗಳನ್ನು ದಿನಾಂಕ ಬರೆದು ಬೇರೆಯಾಗಿಡಬೇಕು. ಮೇಲೆ ಹೇಳಿದ 72 ತಿಂಗಳು ನೆನಪಿರಲಿ.

ಎಲ್ಲಕ್ಕಿಂತ ಹೆಚ್ಚಾಗಿ, ತೆಗೆದ ಪ್ರತಿ ತೆರೆಯುತ್ತದೆಯೇ ಎಂದು ನೋಡಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ, ರಾತ್ರಿಯ ಹೊತ್ತು ದುರಸ್ತಿಯಲ್ಲಿ ತೊಡಗಿದ್ದ ಎಂಜಿನಿಯರರೊಬ್ಬರು ತಪ್ಪು ಯಂತ್ರದ ದತ್ತಾಂಶವನ್ನು ಅಳಿಸಿಬಿಟ್ಟರು. 300 ಗಿಗಾಬೈಟ್‌ನಷ್ಟಿದ್ದದ್ದು ಸೆಕೆಂಡುಗಳಲ್ಲಿ ನಾಲ್ಕೂವರೆಗೆ ಇಳಿಯಿತು. ಪ್ರತಿ ಉಳಿಸಲು ಆ ಸಂಸ್ಥೆಯಲ್ಲಿ ಐದು ವಿಧಾನಗಳಿದ್ದವು. ಐದರಲ್ಲಿ ಒಂದೂ ನೆಚ್ಚುವಂತಿರಲಿಲ್ಲ ಎಂದು ಸಂಸ್ಥೆಯೇ ಬಹಿರಂಗವಾಗಿ ಹೇಳಿಕೊಂಡಿತು. ಒಂದು ವಿಧಾನ ಬಹಳ ದಿನಗಳಿಂದ ವಿಫಲವಾಗುತ್ತಿತ್ತು. ವಿಫಲವಾಯಿತೆಂಬ ಎಚ್ಚರಿಕೆಯ ಪತ್ರಗಳೂ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟವಶಾತ್ ಆರು ಗಂಟೆಗಳ ಹಿಂದೆ ಬೇರೆ ಉದ್ದೇಶಕ್ಕೆ ತೆಗೆದಿದ್ದ ಒಂದು ನಕಲು ಸಿಕ್ಕಿತು. ಕಂಪ್ಯೂಟರನ್ನೇ ಕಸುಬಾಗಿ ಮಾಡಿಕೊಂಡವರ ಪಾಡು ಹೀಗಿದ್ದರೆ, "ಬ್ಯಾಕಪ್ ದಿನಾ ತಗೋತೀವಿ ಸಾರ್" ಎನ್ನುವ ಅಂಗಡಿಯವರ ಮಾತನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ನೀವು ಮಾಡಬಹುದಾದ ಕೆಲಸ ಇದು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ಒಯ್ದು ತೆರೆಯಿರಿ. ಮೂರು ವಾರಗಳ ಹಿಂದಿನ ಒಂದು ಬಿಲ್ಲನ್ನು ಕೈಯಲ್ಲಿ ಹಿಡಿದು, ಅದೇ ಸಂಖ್ಯೆ, ಅದೇ ಮೊತ್ತ ಅಲ್ಲಿದೆಯೇ ನೋಡಿ.

ಡಿ.ಟಿ.ಪಿ. ಕೇಂದ್ರಗಳವರಿಗೆ ಇನ್ನೊಂದು ಮಾತು. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಜೋಡಿಸಿದ ಪುಸ್ತಕ, ಲಗ್ನಪತ್ರಿಕೆ, ಸಂಘಗಳ ನಿಬಂಧನೆಗಳು ಎಷ್ಟೋ ಇವೆ. ಕಡತ ಸುರಕ್ಷಿತವಾಗಿದ್ದರೂ ಆ ಫಾಂಟು ಹೊಸ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಜಾತ್ರೆ ಕಾಣುತ್ತದೆ. ದೂರದರ್ಶನದ ಕೆಲಸದಲ್ಲಿರುವ ನಮಗೆ ಇದು ಚಿರಪರಿಚಿತ ಸಂಕಟ. ಹಳೆಯ ಯು-ಮ್ಯಾಟಿಕ್ ಟೇಪು ಕಪಾಟಿನಲ್ಲಿದ್ದರೆ ಸಾಲದು, ಅದನ್ನು ಓಡಿಸುವ ಯಂತ್ರವೂ ಬೇಕು. ಪ್ರತಿಯ ಜೊತೆಗೆ ಫಾಂಟು, ತಂತ್ರಾಂಶಗಳನ್ನೂ ಇಡಿ. ಮುಖ್ಯವಾದವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ತಿದ್ದಿ, ಪಿ.ಡಿ.ಎಫ್. ರೂಪದಲ್ಲಿಯೂ ಉಳಿಸಿ.

ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರತೊಡಗಿದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ತಲೆ ತಟ್ಟೆಯನ್ನು ಉಜ್ಜುತ್ತಿರಬಹುದು. ಪ್ರತಿ ಸಲವೂ ಅಷ್ಟಷ್ಟು ಲೆಕ್ಕ ಪುಡಿಯಾಗುತ್ತದೆ. ಆರಿಸಿ, ದತ್ತಾಂಶ ಮರಳಿ ಪಡೆಯುವ ಕೆಲಸ ಬಲ್ಲವರಿಗೆ ಒಪ್ಪಿಸಿ. ಆನ್‌ಲೈನ್ ವಂಚನೆಯಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಸಹಾಯವಾಣಿ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಡಿಸ್ಕನ್ನು ಬಿಚ್ಚಿಟ್ಟುಕೊಳ್ಳಿ. ಕಡತವನ್ನು ಅಳಿಸುವುದೆಂದರೆ, ಹಾರ್ಡ್‌ಡಿಸ್ಕಿನ ಮಟ್ಟಿಗೆ, ಪುಸ್ತಕದ ಪರಿವಿಡಿಯ ಹಾಳೆಯನ್ನಷ್ಟೇ ಹರಿದಂತೆ. ಒಳಗಿನ ಪುಟಗಳು ಹಾಗೆಯೇ ಇರುತ್ತವೆ, ಗಿರಾಕಿಗಳ ಹೆಸರು, ಬಾಕಿ, ಫೋನ್ ನಂಬರುಗಳ ಸಮೇತ. ಉಳಿದ ಭಾಗಗಳನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಬಹುದು.